ಹೊರಗಿನ ಬೀರು, ಒಳಗಿನ ಥಂಡಿ

ಕೊಪ್ಪಳದ ಮಗ್ಗುಲ ಭಾಗ್ಯನಗರದ ನಮ್ಮ ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿ ಕಂದುಬಣ್ಣದ ಒಂದು ಬೀರು ಬಾಟಲಿ ಇದೆ. ಗಾಬರಿಯಾಗಬೇಡಿ, ಅದರೊಳಗೆ ಇರುವುದು ಬರೀ ನೀರು, ನೀರಿನೊಳಗೆ ಇರುವುದು ನನ್ನ ಹೆಂಡತಿ ಶಾಂತಾಳ ಮನಿಪ್ಲಾಂಟು. ಮನೆಯ ಹೊಸ್ತಿಲೊಳಗೆ ಬೀರು ಬರಕೂಡದೆಂಬ ಕಟ್ಟಳೆಯನ್ನು ಮದುವೆಯಾದ ಹೊಸದರಲ್ಲೇ ಹಾಕಿ, ಇವತ್ತಿನವರೆಗೆ ಅದನ್ನು ಎಳ್ಳಷ್ಟೂ ಸಡಿಲಿಸದ ಹೆಣ್ಣುಮಗಳು, ಈ ಒಂದು ಬಾಟಲಿಗೆ ಮಾತ್ರ ಎಣ್ಣೆ ಡಬ್ಬಿಗೂ ದೇವರ ಜಗುಲಿಗೂ ನಡುವೆ ಗೌರವದ ಜಾಗ ಕೊಟ್ಟಿದ್ದಾಳೆ. ಬೆಳಗಿನ ಬಿಸಿಲು ಆ ಗಾಜನ್ನು ಹಾದು ಕಪ್ಪು ಚಹಾದ ಬಣ್ಣ ತಾಳಿ ಗೋಡೆಯ ಮೇಲೆ ಬೀಳುವಾಗ, ಕೆಲಸಕ್ಕೆ ಹೊರಟ ನಾನು ಒಂದು ಗಳಿಗೆ ನಿಂತು ನೋಡುತ್ತೇನೆ. ನಿಂತ ಮೇಲೆ ಮನಸ್ಸು ಎಲ್ಲಿಗೋ ಹೋಗುತ್ತದೆ. ಎಲ್ಲಿಗೆ ಹೋಗುತ್ತದೆಂಬುದನ್ನೇ ನಿಮಗೆ ಹೇಳಬೇಕು.

ನಾನು ಫ್ರಿಜ್ ಮಿಸ್ತ್ರಿ. ಏಳನೆಯ ತರಗತಿಗೇ ಶಾಲೆ ಬಿಟ್ಟವನು. ಅದಕ್ಕೆ ನಾಚಿಕೆಪಡುವಷ್ಟು ಬಿಡುವು ನನ್ನ ಕೈಗಳು ನನಗೆ ಎಂದೂ ಕೊಡಲಿಲ್ಲ. ಕೆಲಸ ಕಲಿಸಿದ ಮೆಹಬೂಬ್ ಉಸ್ತಾದರು ಕೊಪ್ಪಳದಿಂದ ಕುಷ್ಟಗಿಯವರೆಗೆ ಅದೆಷ್ಟೋ ವೈನ್‌ಶಾಪುಗಳ ಕೂಲರುಗಳನ್ನು ಸಾಕಿದವರು, ಆದರೆ ಜೀವಮಾನದಲ್ಲಿ ಒಂದು ಹನಿ ಮುಟ್ಟಿದವರಲ್ಲ. “ಮಂದಿ ಏನರ ಕುಡೀಲಿ, ಅದು ಅವರವರ ಹಿಸಾಬು. ಅದರಾಗಿನ ಥಂಡಿ ಮಾತ್ರ ನಂದು” ಎನ್ನುತ್ತಿದ್ದರು. ನಾನು ಮುಟ್ಟುತ್ತೇನೆ, ಆದರೆ ಥಂಡಿಯ ಅಭಿಮಾನ ಅವರಿಂದಲೇ ಬಂದದ್ದು. ನಾನು ರಿಪೇರಿ ಮಾಡಿದ ಕೂಲರಿನಿಂದ ತೆಗೆದ ಬಾಟಲಿಯ ಮೈಮೇಲೆ ಹನಿಗಟ್ಟುವುದನ್ನು ಕಂಡರೆ, ಒಳ್ಳೆಯ ಬೆಳೆ ಕಂಡ ಒಕ್ಕಲಿಗನ ಹಾಗೆ ನನ್ನ ಎದೆ ಉಬ್ಬುತ್ತದೆ.

ಈ ಕಸುಬಿನ ಒಂದು ಲಾಭವೆಂದರೆ, ಯಾವ ಊರಿನವರು ಹೇಗೆ ಕುಡಿಯುತ್ತಾರೆಂಬುದು ಕೇಳದೆಯೇ ತಿಳಿಯುತ್ತದೆ. ಕುಷ್ಟಗಿಯ ಕಡೆಯವನಿಗೆ ಬೀರಿನ ಜೊತೆ ಮಿರ್ಚಿ ಬೇಕು, ಬಾಯಿಗೆ ಬೆಂಕಿ ಹಚ್ಚಿಕೊಂಡು ಆಮೇಲೆ ಆರಿಸಿಕೊಳ್ಳುವ ಜಾತಿ ಅವನದು. ಯಲಬುರ್ಗಿಯವನು ಹುರಿದ ಶೇಂಗಾ ಮುಗಿಯುವವರೆಗೆ ಕೂಡುತ್ತಾನೆ, ಬಾಟಲಿ ಮುಗಿದದ್ದು ಅವನಿಗೆ ಲೆಕ್ಕವಿಲ್ಲ. ಗಂಗಾವತಿಯ ಕಾಲುವೆ ಸೀಮೆಯಲ್ಲಿ ಕರಿದ ಮೀನಿಲ್ಲದ ಬೀರು ಬರೀ ಕಹಿ ಕಷಾಯ. ಹಿಂದೆ ಹಂಪಿಯ ಆಚೆ ದಡದ ವಿರೂಪಾಪುರಗಡ್ಡೆಯ ಗುಡಿಸಲುಗಳಲ್ಲಿ ಪರದೇಶದ ಪ್ರವಾಸಿಗರು ತಂಗುತ್ತಿದ್ದ ಕಾಲಕ್ಕೆ ಅಲ್ಲಿಯ ಫ್ರಿಜ್ಜುಗಳೂ ನನ್ನವೇ ಆಗಿದ್ದವು. ಅಲ್ಲೊಬ್ಬ ಕೆಂಪು ಗಡ್ಡದವನು ಬಾಟಲಿಯನ್ನು ಫ್ರಿಜ್ಜಿನಿಂದ ತೆಗೆದು, ಗದ್ದೆಯ ಕಡೆ ಮುಖ ಮಾಡಿ ಅದು ತುಸು ಬೆಚ್ಚಗಾಗಲೆಂದು ಕಾದು ಕೂಡುತ್ತಿದ್ದ. ಬಹಳ ಥಂಡಿಯಾದರೆ ರುಚಿ ಸತ್ತುಹೋಗುತ್ತದಂತೆ. ಅವನ ದೇಶದಲ್ಲಿ ಹಿಮ ಬೀಳುತ್ತದೆ, ಅವನು ರುಚಿ ಹುಡುಕಿಯಾನು. ನಮ್ಮ ಏಪ್ರಿಲ್ ತಿಂಗಳಲ್ಲಿ ಬಂಡೆಗಳೇ ಬಾಯಿ ತೆರೆದು ನೀರು ಕೇಳುವಾಗ, ನಮಗೆ ಥಂಡಿಯೇ ರುಚಿ. ಬಾಯಿಗೆ ಏನು ಸೇರುತ್ತದೆಂಬುದನ್ನು ನಾಲಿಗೆಗಿಂತ ಮೊದಲು ಆಯಾ ಸೀಮೆಯ ಬಿಸಿಲು ತೀರ್ಮಾನ ಮಾಡಿರುತ್ತದೆ.

ಬಿಸಿಲು ಬಿಟ್ಟದ್ದನ್ನು ಸರ್ಕಾರ ತೀರ್ಮಾನ ಮಾಡುತ್ತದೆ. ನನ್ನ ಅಜ್ಜ ನಿಜಾಮನ ಕಾಲದವನು. ಸೇಂದಿ ಇಳಿಸುವ ಈಚಲಮರಕ್ಕೂ ಆಗ ನಂಬರು ಹೊಡೆದಿರುತ್ತಿದ್ದರಂತೆ. “ಮನಿಶಾಗ ನಂಬರ್ ಇರ್ಲಿಲ್ಲ, ಗಿಡಕ್ಕಿತ್ತು ನೋಡು” ಎಂದು ನಗುತ್ತಿದ್ದ. ಆ ನಿಜಾಮ ಹೋದ, ಬೇರೆ ಬೇರೆ ಸರ್ಕಾರಗಳು ಬಂದವು, ಸೇಂದಿಯೂ ನಿಂತಿತು. ಆದರೆ ನಂಬರು ಹೊಡೆಯುವ ಚಟ ಮಾತ್ರ ಮರದಿಂದ ಬಾಟಲಿಗೆ ಇಳಿದು ಬಂತು. ಬೀರು ಬಾಟಲಿಯ ಚೀಟಿಯ ಮೇಲೆ, ಇದು ಇಂಥ ರಾಜ್ಯದಲ್ಲಿ ಮಾತ್ರ ಮಾರಾಟಕ್ಕೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಕುಡಿಯುವವನಿಗೆ ತಾನು ಯಾವ ರಾಜ್ಯದವನೆಂಬುದು ಮರೆಯಬಹುದು, ಬಾಟಲಿಗೆ ಮರೆಯುವುದಿಲ್ಲ. ದೇಶವೆಂಬುದಾದರೂ ನಮ್ಮ ಕಡೆಯ ಕುಡುಕನಿಗೆ ಗಟ್ಟಿಯಾಗಿ ನೆನಪಾಗುವುದು ಗಾಂಧಿ ಜಯಂತಿಯ ಮುಂಚಿನ ದಿನ, ನಾಳೆ ಶಟರ್ ಇಳಿದಿರುತ್ತದೆಂದು ಓಡುವಾಗ.

ಈಗ ಸತ್ಯಂನ ಮಾತಿಗೆ ಬರುತ್ತೇನೆ. ಸತ್ಯಂ ಗಂಗಾವತಿ ಸೀಮೆಯ ಒಂದು ಕ್ಯಾಂಪಿನ ರೈತ. ಕಾಲುವೆಗೆ ನೀರು ಬಂದ ಕಾಲದಲ್ಲಿ ಆಂಧ್ರದ ಕಡೆಯಿಂದ ಬಂದು ಭತ್ತ ಬೆಳೆದವರ ವಸತಿಗಳನ್ನು ನಾವು ಇವತ್ತಿಗೂ ಕ್ಯಾಂಪು ಎಂದೇ ಕರೆಯುತ್ತೇವೆ, ನಾಳೆ ಬೆಳಗ್ಗೆ ಡೇರೆ ಕಿತ್ತುಕೊಂಡು ಹೊರಡುವವರ ಹಾಗೆ. ಸತ್ಯಂನ ಅಪ್ಪ ಬಂದವನು, ಸತ್ಯಂ ಇಲ್ಲಿಯೇ ಹುಟ್ಟಿದವನು. ಮೀನು ಮಾರುವ ಮಗನಿಗಾಗಿ ಅವನು ಪಡಸಾಲೆಯಲ್ಲಿ ಇಟ್ಟುಕೊಂಡ ದೊಡ್ಡ ಫ್ರೀಜರಿನ ನೆಪದಲ್ಲಿ ನಮ್ಮ ಗೆಳೆತನ ಶುರುವಾಯಿತು. ಅವನು ಬೀರನ್ನು ಬಾಟಲಿಯಿಂದ ಕುಡಿಯುವುದಿಲ್ಲ, ಗಾಜಿನ ಗ್ಲಾಸಿನಿಂದಲೂ ಇಲ್ಲ. ಸ್ಟೀಲ್ ಲೋಟಕ್ಕೆ ಸುರಿದು, ಒಂದು ಚಿಟಿಕೆ ಉಪ್ಪು ಉದುರಿಸಿ, ನೊರೆ ಬುಸ್ಸೆಂದು ಎದ್ದು ಇಳಿಯುವವರೆಗೆ ಕಾದು, ಆಮೇಲೆ ತುಟಿಗೆ ಹಚ್ಚುತ್ತಾನೆ. ಲೋಟ ಕೈಗೂ ಥಂಡಿ ಕೊಡುತ್ತದೆ, ಮರ್ಯಾದೆಯನ್ನೂ ಕಾಯುತ್ತದೆ. ಒಳಗಿರುವುದು ಮಜ್ಜಿಗೆಯೋ ಬೀರೋ ಹಾದಿಯಲ್ಲಿ ಹೋಗುವವರಿಗೆ ತಿಳಿಯದು. ಪಕ್ಕದ ಹಳೇ ಊರಿನವರು ಇದನ್ನು ಕಂಡು, “ಕಾಕಾ ಬೀರ್ ಕುಡ್ಯಾಕತ್ಯಾನೋ, ಔಷಧ ತಗೊಳ್ಳಾಕತ್ಯಾನೋ” ಎಂದು ಆಡಿಕೊಳ್ಳುತ್ತಿದ್ದರು.

ಹಳೇ ಊರಿಗೂ ಕ್ಯಾಂಪಿಗೂ ಪಂಚಾಯಿತಿ ಒಂದೇ. ಹೋದ ಸಲದ ಚುನಾವಣೆಗೆ ಸತ್ಯಂ ನಿಂತ. ಕ್ಯಾಂಪಿನ ರಸ್ತೆಗೆ ಮಣ್ಣು ಹಾಕಿಸಬೇಕೆಂಬ ಹಟ ಒಂದು ಕಡೆ, ತಾನು ಈ ಊರಿನವನೆಂದು ಊರೇ ಒಮ್ಮೆ ಎಣಿಸಿ ಹೇಳಲಿ ಎಂಬ ಆಸೆ ಇನ್ನೊಂದು ಕಡೆ. ಈ ಎರಡನೆಯದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ, ನನಗೆ ಗೊತ್ತಾಯಿತು.

ಅಷ್ಟರಲ್ಲಿ ಅವನ ಹೆಂಡತಿ ಲಕ್ಷ್ಮಿಯ ತಮ್ಮ ಆಂಧ್ರದಿಂದ ಅಕ್ಕನನ್ನು ನೋಡಲು ಬಂದವನು, ಭಾವನ ಮೇಲಿನ ಪ್ರೀತಿಗೆ ಅಲ್ಲಿಯ ಬೀರಿನ ಒಂದೆರಡು ಬಾಟಲಿ ತಂದ. ಪಡಸಾಲೆಯಲ್ಲಿ ಇಬ್ಬರೂ ಕುಳಿತು ಕುಡಿದರು. ಲೋಟ ಮರ್ಯಾದೆ ಕಾಯಿತು, ಆದರೆ ಕಟ್ಟೆಯ ಮೇಲಿಟ್ಟ ಖಾಲಿ ಬಾಟಲಿ ಕಾಯಲಿಲ್ಲ. ಯಾರೋ ಅದರ ಚೀಟಿಯ ಫೋಟೋ ಹೊಡೆದರು. ಹಳೇ ಊರಿನ ಹನುಮೇಶ, ಟ್ರ್ಯಾಕ್ಟರ್ ಓಡಿಸುವ ಹುಡುಗ, ಎದುರಿನ ಗುಂಪಿನ ದೊಡ್ಡ ಬಾಯಿ, ಅದನ್ನು ವಾಟ್ಸಾಪಿನಲ್ಲಿ ಊರಿಗೆಲ್ಲ ಹಂಚಿದ. ಕೆಳಗೆ ಬರೆದಿದ್ದ: ಹೊರಗಿನ ಬೀರು ಕುಡಿಯುವವನು ಒಳಗಿನವನು ಹೇಗಾದಾನು?

ಆ ವಾರ ನಾನು ಹಳೇ ಊರಿನ ಈರಣ್ಣನ ವೈನ್‌ಶಾಪಿಗೆ ಕೂಲರು ನೋಡಲು ಹೋಗಿದ್ದೆ. ಹನುಮೇಶ ಅಲ್ಲಿಯೇ ಇದ್ದ.

“ಮಿಸ್ತ್ರಿ, ನಿಮ್ಮ ದೋಸ್ತಗ ನಮ್ಮ ಬೀರ್ ಸೇರಂಗಿಲ್ಲಂತ. ಓಟ್ ಮಾತ್ರ ನಮ್ಮವ ಬೇಕಂತ.”

“ನಿನ್ನ ಕೈಯಾಗಿಂದು ಎಲ್ಲೀದಪಾ? ಹೆಸರು ಓದಿ ಹೇಳು” ಎಂದೆ. ಅವನ ಬಾಟಲಿಯ ಮೇಲೆ ಸಮುದ್ರದಾಚೆಯ ಯಾವುದೋ ಊರಿನ ಹೆಸರಿತ್ತು, ನಮ್ಮ ಯಾರ ನಾಲಿಗೆಯೂ ಹೊರಳದಂಥ ಹೆಸರು. ಸಿಕ್ಕಿಬಿದ್ದನೆಂದು ನಾನು ಹಿಗ್ಗಿದೆ. ಹುಡುಗ ಸೋಲಲಿಲ್ಲ. ಬಾಟಲಿ ತಿರುಗಿಸಿ ಕೆಳಗಿನ ಸಣ್ಣ ಅಕ್ಷರಕ್ಕೆ ಬೆರಳಿಟ್ಟ.

“ಇಲ್ಲಿ ನೋಡ್ರಿ. ಕರ್ನಾಟಕದಾಗ ಮಾತ್ರ ಮಾರಾಟಕ್ಕ ಅಂತ ಐತಿ. ಹೆಸರು ಯಾವ ದೇಶದ್ದರ ಇರ್ಲಿ, ಪರ್ಮಿಟ್ ನಮ್ಮದು.”

ಎಲ್ಲರೂ ನಕ್ಕರು. ನಾನೂ ನಕ್ಕೆ, ಮಾತು ಹಾಗಿತ್ತು. ಆದರೆ ದಾರಿಯಲ್ಲಿ ಬೈಕು ಓಡಿಸುತ್ತ ಯೋಚಿಸಿದೆ. ನಮ್ಮ ಸೀಮೆಯ ಮಿಲ್ಲುಗಳ ಅಕ್ಕಿನುಚ್ಚು ಬೀರು ಮಾಡುವಲ್ಲಿಗೂ ಹೋಗುತ್ತದೆಂದು ಲಾರಿ ಡ್ರೈವರುಗಳು ಹೇಳುತ್ತಾರೆ. ನಿಜವಾಗಿದ್ದರೆ, ಸತ್ಯಂ ಬೆಳೆದ ಭತ್ತದ ನುಚ್ಚು ಯಾವುದೋ ಪರದೇಶದ ಹೆಸರು ಹೊತ್ತು ಹನುಮೇಶನ ಹೊಟ್ಟೆಗೆ ಇಳಿದು, ಅಲ್ಲಿಂದ ಸತ್ಯಂನನ್ನೇ ಹೊರಗಿನವನೆಂದು ಬೈದಿರಲೂ ಸಾಕು.

ಸತ್ಯಂನ ಮನೆಯಲ್ಲಿ ಅವನ ಹಿತೈಷಿಗಳು ಉಪಾಯ ಹೇಳುತ್ತಿದ್ದರು. ಊರಿಗೆ ಊರೇ ಮಾಡುವ ಉಪಾಯ: ಓಣಿಗೊಂದು ಪೆಟ್ಟಿಗೆ ನಮ್ಮ ರಾಜ್ಯದ ಬೀರು ಇಳಿಸಿದರೆ ಫೋಟೋದ ವಿಷವೆಲ್ಲ ಇಳಿಯುತ್ತದೆ. ಅಷ್ಟು ಮಾಡಿದರೆ ಏನು ಹೋಯಿತೆಂದು ನನಗೂ ಅನ್ನಿಸಿತ್ತು. ಸತ್ಯಂ ಎಲ್ಲರ ಮಾತು ಮುಗಿಯಲಿ ಎಂದು ಕಾದ, ಉಪ್ಪು ಹಾಕಿದ ನೊರೆ ಇಳಿಯಲೆಂದು ಕಾಯುವ ಹಾಗೆ.

“ಮಿಸ್ತ್ರಿಗಾರು” ಎಂದ. ಅಪ್ಪನ ಕಾಲದಿಂದ ಉಳಿದ ತೆಲುಗಿನ ಆ ಗೌರವದ ಬಾಲವನ್ನು ನನ್ನ ಕಸುಬಿಗೆ ಹಚ್ಚಿಯೇ ಅವನು ನನ್ನನ್ನು ಕರೆಯುವುದು. “ನಾ ಹುಟ್ಟಿದ್ದು ಇಲ್ಲಿ. ನಮ್ಮಪ್ಪನ್ನ ಸುಟ್ಟಿದ್ದು ಈ ಕಾಲುವಿ ದಂಡಿಗೆ. ಬೀರ್ ಕುಡಿಸಿದ ಮ್ಯಾಲ ನಾ ಈ ಊರಾವ ಆಗ್ತೀನಂದ್ರ, ಕುಡಿಸೂಕಿಂತ ಮೊದಲ ನಾ ಯಾರಾಗಿದ್ನಿ?”

ಪೆಟ್ಟಿಗೆ ಇಳಿಯಲಿಲ್ಲ. ಸತ್ಯಂ ಸೋತ.

ಗೆದ್ದವರ ಸಂಭ್ರಮ ಎಣಿಕೆಯ ದಿನವೇ ಆಗುವ ಹಾಗಿರಲಿಲ್ಲ, ಅಂದು ಅಂಗಡಿ ಬಂದ್. ಮಾರನೆಯ ದಿನ ಮಧ್ಯಾಹ್ನ ಈರಣ್ಣನ ಅಂಗಡಿಯ ಮುಂದೆ ಹುಡುಗರು ಸೇರಿದರು, ಆದರೆ ಕೂಲರಿನ ಕಂಪ್ರೆಸರ್ ಸುಟ್ಟಿತ್ತು. ನನಗೆ ಕರೆ ಬಂತು. ಲಕ್ಷ್ಮಿಯನ್ನು ಮಾತಾಡಿಸಬೇಕೆಂದು ಶಾಂತಾಳೂ ಬೈಕು ಹತ್ತಿದಳು. ಅವಳನ್ನು ಕ್ಯಾಂಪಿನಲ್ಲಿ ಇಳಿಸಿ, ಹೋಗಿ ಬಿಚ್ಚಿ ನೋಡಿ, ಹೊಸ ಕಂಪ್ರೆಸರ್ ತರಿಸದೆ ಆಗದು, ಎರಡು ದಿನ ಬೇಕೆಂದೆ.

“ಮಿಸ್ತ್ರಿ, ದೋಸ್ತ ಸೋತಾನಂತ ಬೇಕಂತಲೇ ಎರಡು ದಿನ ಅನ್ನಾಕತ್ತಿಲ್ಲ, ಹೌದಿಲ್ಲೋ?” ಎಂದ ಹನುಮೇಶ.

“ನನ್ನ ಕೈ ಪಾರ್ಟಿ ನೋಡೂದಿಲ್ಲಪಾ. ಸುಟ್ಟಿದ್ದು ಸುಟ್ಟೈತಿ” ಎಂದೆ.

ಐಸು ತರಲು ಗಂಗಾವತಿಗೆ ಕಳಿಸಿದವನು ಅಲ್ಲೇ ಕುಡಿಯುತ್ತ ಕುಳಿತುಬಿಟ್ಟಿದ್ದನೆಂದು ಫೋನಿನ ದನಿಯಿಂದಲೇ ತಿಳಿಯಿತು. ನಮ್ಮ ಕಡೆಯವರು ವೈರಿಯನ್ನು ಕ್ಷಮಿಸಿಯಾರು, ಬೆಚ್ಚಗಿನ ಬೀರನ್ನು ಕ್ಷಮಿಸುವುದಿಲ್ಲ. ಸುತ್ತಮುತ್ತ ದೊಡ್ಡ ಫ್ರೀಜರ್ ಇದ್ದದ್ದು ಒಂದೇ ಮನೆಯಲ್ಲಿ. ಆ ಮನೆಯ ಹೆಸರನ್ನು ಮೊದಲು ಎತ್ತುವವರು ಯಾರು ಎಂದು ಎಲ್ಲರೂ ನೆಲ ನೋಡಿದರು. ಕಡೆಗೆ ಪೆಟ್ಟಿಗೆಗಳು ಹನುಮೇಶನ ಟ್ರ್ಯಾಕ್ಟರಿನಲ್ಲೇ ಕ್ಯಾಂಪಿಗೆ ಹೊರಟವು.

ಸತ್ಯಂ ಬಾಗಿಲಲ್ಲಿ ನಿಂತು ಪೆಟ್ಟಿಗೆಗಳನ್ನು ನೋಡಿದ, ಹುಡುಗರನ್ನು ನೋಡಿದ, ಒಳಗೆ ಹೋಗಿ ಮೀನನ್ನು ಒಂದು ಬದಿಗೆ ಸರಿಸಿದ. “ವಾಸ್ನಿ ಹತ್ತಿದ್ರ ನನಗ ಬೈಬ್ಯಾಡ್ರಿ” ಎಂದ, ಅಷ್ಟೇ. ಹೆಪ್ಪುಗಟ್ಟಿ ಬಾಟಲಿ ಒಡೆಯದಂತೆ ಕಾಯುವ ಕೆಲಸ ನನ್ನದಾಯಿತು. ಥಂಡಿಯಾಗುವವರೆಗೆ ಹುಡುಗರೂ ಪಡಸಾಲೆಯಲ್ಲಿ ಕೂಡಲೇಬೇಕಾಯಿತು. ಲಕ್ಷ್ಮಿ ಮೀನು ಕರಿದು ತಂದಳು. ಮಾತು ಮೆಲ್ಲಗೆ ಸಡಿಲವಾಯಿತು.

“ಕಾಕಾ, ಮುಂದಿನ ಸಲ ನೀವು ನಿಲ್ಲಬ್ಯಾಡ್ರಿ” ಎಂದ ಒಬ್ಬ. “ಈ ಫ್ರೀಜರ್ ನಿಲ್ಲಸ್ರಿ. ಅವಿರೋಧ ಆರಿಸಿ ತರ್ತೀವಿ.”

ಪಡಸಾಲೆ ತುಂಬ ನಗೆ ಎದ್ದಿತು. ಸತ್ಯಂನೂ ನಕ್ಕ. ನಗೆ ಇಳಿದ ಮೇಲೆ, ದನಿ ಏರಿಸದೆ ಕೇಳಿದ: “ಬೀರ್ ಇಡಾಕ ಒಳಗಿನಾವ, ಓಟ್ ಹಾಕೂಮುಂದ ಹೊರಗಿನಾವ. ಹಿಂಗೇನೋ ಹನುಮೇಶ?”

ತಪ್ಪಾಯಿತು ಎನ್ನುವ ಮಾತು ನಮ್ಮ ಕಡೆ ಗಂಡಸರ ಬಾಯಿಂದ ಸುಲಭಕ್ಕೆ ಹೊರಡುವುದಿಲ್ಲ, ಹೊರಟರೂ ಬೇರೆ ವೇಷದಲ್ಲಿ ಹೊರಡುತ್ತದೆ. ಹನುಮೇಶ ಎದ್ದು, ಗೂಡಿನಲ್ಲಿ ಬೋರಲಾಗಿಟ್ಟಿದ್ದ ಸ್ಟೀಲ್ ಲೋಟವೊಂದನ್ನು ತೆಗೆದುಕೊಂಡು, ತನ್ನ ಬೀರನ್ನು ಅದಕ್ಕೆ ಸುರಿದು, ಸತ್ಯಂನ ಮುಂದೆ ಹಿಡಿದ.

“ನನಗೂ ಉಪ್ಪ ಹಾಕ್ರಿ ಕಾಕಾ.”

ಸತ್ಯಂ ಅವನ ಮುಖವನ್ನು ಒಂದು ಗಳಿಗೆ ನೋಡಿ, ಚಿಟಿಕೆ ಉಪ್ಪು ಹಾಕಿದ. “ಅವಸರ ಮಾಡಬ್ಯಾಡ. ನೊರಿ ಇಳೀಲಿ” ಎಂದ.

ರಸ್ತೆಗೆ ಇನ್ನೂ ಮಣ್ಣು ಬಿದ್ದಿಲ್ಲ, ಅದನ್ನೂ ಹೇಳಬೇಕು. ಆದರೆ ಈಗ ಈರಣ್ಣನ ಅಂಗಡಿಯ ಮಗ್ಗುಲಿನ ಖಾನಾವಳಿಯಲ್ಲಿ ಸ್ಟೀಲ್ ಲೋಟಗಳ ಸಾಲಿದೆ, ಪಕ್ಕದಲ್ಲಿ ಉಪ್ಪಿನ ಬಟ್ಟಲಿದೆ. ಮೊನ್ನೆ ಹೋದಾಗ, ತಾವರಗೇರಾದಿಂದ ಬಂದ ಯಾರೋ ನೆಂಟನಿಗೆ ಹನುಮೇಶ ದೊಡ್ಡ ಗತ್ತಿನಿಂದ ಹೇಳುತ್ತಿದ್ದ: “ನಮ್ಮೂರಾಗ ಮೊದಲಿಂದ ಹಿಂಗ ಕುಡಿಯೂದು.” ಮೊದಲಿಂದ ಎಂಬ ಆ ಮಾತನ್ನು ಅವನು ಎಷ್ಟು ನಂಬಿಕೆಯಿಂದ ಹೇಳಿದನೆಂದರೆ, ನನಗೂ ಒಂದು ಕ್ಷಣ ನಿಜವಿದ್ದೀತೆನ್ನಿಸಿತು. ನಮ್ಮ ಮೆಣಸಿನಕಾಯಿ, ನಮ್ಮ ಶೇಂಗಾ, ನಮ್ಮ ಚಹಾ ಎಲ್ಲವೂ ಹೊರಗಿನಿಂದ ಬಂದವೆಂದು ತಿಳಿದವರು ಹೇಳುತ್ತಾರೆ. ಅವೂ ಒಂದಾನೊಂದು ದಿನ ಯಾರದೋ ಪಡಸಾಲೆಯಲ್ಲಿ ಹೀಗೆಯೇ ಒಳಗಿನವಾಗಿರಬೇಕು. ಹನುಮೇಶನ ನಾಲಿಗೆ ಸತ್ಯಂನನ್ನು ಒಪ್ಪಿಕೊಂಡಿದೆ, ಅವನ ಓಟಿಗೆ ಅದು ತಿಳಿಯಲು ಇನ್ನೊಂದು ಚುನಾವಣೆ ಬೇಕಾದೀತು.

ಇನ್ನು ಕಿಟಕಿಯ ಬಾಟಲಿ. ಮನಿಪ್ಲಾಂಟು ಕದ್ದು ತಂದರೆ ಮಾತ್ರ ಹಬ್ಬುತ್ತದೆಂದು ಹೆಂಗಸರು ನಂಬುತ್ತಾರಲ್ಲ, ಫ್ರೀಜರಿನ ಮಧ್ಯಾಹ್ನ ಶಾಂತಾ ಸುಮ್ಮನೆ ಕುಳಿತಿರಲಿಲ್ಲ. ಲಕ್ಷ್ಮಿ ಮೀನು ಕರಿಯುವಾಗ ಹಿತ್ತಲ ಬಳ್ಳಿಯ ತುದಿಯೊಂದನ್ನು ಚಿವುಟಿ, ಮೂಲೆಯಲ್ಲಿ ಬಿದ್ದಿದ್ದ ಖಾಲಿ ಬಾಟಲಿಗೆ ನೀರು ತುಂಬಿ ಅದರಲ್ಲಿಟ್ಟು, ಸೆರಗಿನಲ್ಲಿ ಮುಚ್ಚಿ ತಂದಿದ್ದಳು. ಮನೆಗೆ ಬಂದ ಮೇಲೆ ಚೀಟಿ ನೋಡಿದೆ. ಊರನ್ನೆಲ್ಲ ಸುತ್ತಿ ಬಂದ ಅದೇ ಫೋಟೋದ ಬಾಟಲಿ. ವಾರಕ್ಕೊಮ್ಮೆ ತೊಳೆದು ನೀರು ಬದಲಿಸುತ್ತ ಚೀಟಿ ನೆನೆದು ಸುಲಿದುಹೋಯಿತು. ಬಳ್ಳಿ ಮಾತ್ರ ಕಿಟಕಿಯ ಸರಳು ಹಿಡಿದು ಮೇಲೇರಿದೆ.

ಹೋದ ವಾರ ಸತ್ಯಂ ಮನೆಗೆ ಬಂದಿದ್ದ. ಅಡುಗೆಕೋಣೆಯ ಬಾಗಿಲಲ್ಲಿ ನಿಂತು ಬಳ್ಳಿಯನ್ನು ಬಹಳ ಹೊತ್ತು ನೋಡಿದ.

“ಇದು ನಮ್ಮ ಹಿತ್ತಲದ್ದು ಇದ್ದಂಗೈತಲ್ಲ, ಅಕ್ಕಾ.”

ಕಳ್ಳತನ ಒಪ್ಪಿಕೊಂಡರೆ ಬಳ್ಳಿ ಒಣಗೀತೆಂಬ ಹೆದರಿಕೆಗೆ ಶಾಂತಾ ಒಲೆಯ ಕಡೆ ತಿರುಗಿದಳು. “ಇಲ್ಲ ಬಿಡ್ರೀ ಅಣ್ಣಾರ” ಎಂದಳು. “ಅದು ಮೊದಲಿಂದ ಇಲ್ಲೇ ಐತಿ.”

ಸತ್ಯಂ ನನ್ನ ಮುಖ ನೋಡಿ ನಕ್ಕ. ನಕ್ಕು, ಒಳಗೆ ಬಂದು, ಪಕ್ಕದ ತಂಬಿಗೆಯಿಂದ ತುಸು ನೀರನ್ನು ಆ ಬಾಟಲಿಗೆ ಮೆಲ್ಲಗೆ ಹನಿಸಿದ.