ಗೋಡೆಯಾಚೆಯ ರಿಮೋಟು

ಕೋಡಿಹಳ್ಳಿ ಹತ್ತಿರದ ನಮ್ಮೂರಿನ ಮನೆ ಪಾಲಾದಾಗ ನಡುಮನೆಗೆ ಅಡ್ಡಲಾಗಿ ಸಿಮೆಂಟು ಇಟ್ಟಿಗೆಯ ಗೋಡೆ ಎದ್ದಿತು. ಕಟ್ಟಿಸಿದವರು ನನ್ನ ಗಂಡನ ಅಣ್ಣ, ನನ್ನ ಬಾವ. ಟಿ.ವಿ. ನಮ್ಮ ಕಡೆಗೆ ಬಂತು. ನಾನು ಬ್ಲೌಸು ಹೊಲಿದು ದುಡಿದ ಹಣದಲ್ಲಿ ತಂದ ಟಿ.ವಿ. ಅದು ಎನ್ನುವುದು ಪಾಲು ಮಾಡಲು ಕೂತಿದ್ದ ಹಿರಿಯರಿಗೂ ಗೊತ್ತಿತ್ತು. ಅದರ ಬೆನ್ನಿಗೆ ಸಿಕ್ಕಿಸಿದ್ದ, ಇಂಟರ್‌ನೆಟ್ಟಿನಿಂದ ವಿಡಿಯೊ ತೋರಿಸುವ ಬೆರಳುದ್ದದ ಕಡ್ಡಿಯೂ ಬಂತು. ಅದರ ರಿಮೋಟು ಮಾತ್ರ ಬರಲಿಲ್ಲ.

ಆ ರಿಮೋಟು ಮೊದಲಿನಿಂದಲೂ ಬಾವನವರ ಅಂಗಿಯ ಜೇಬಿನಲ್ಲೇ ಇರುತ್ತಿತ್ತು. ಹೊಲಕ್ಕೆ ಹೋದರೂ ಅಲ್ಲೇ, ಡೇರಿಗೆ ಹಾಲು ಹಾಕಲು ಹೋದರೂ ಅಲ್ಲೇ. ಅವರು ವಾಪಸು ಬರುವ ತನಕ ಟಿ.ವಿ. ಕಪ್ಪು ಹಲಗೆಯ ಹಾಗೆ ಗೋಡೆಯ ಮೇಲೆ ಸುಮ್ಮನೆ ಇರುತ್ತಿತ್ತು. ಪಾಲಾದ ಮೇಲೆ ನನ್ನ ಗಂಡ ಹೋಗಿ ಕೇಳಿದರು.

"ಯಾವ ರಿಮೋಟ್ಲಾ? ಸಾಮಾನು ಸಾಗಿಸೋವಾಗ ಎಲ್ಲೋ ಕಳ್ದೋಯ್ತು," ಅಂದರಂತೆ.

ನಾನು ಆ ಕಡ್ಡಿಯನ್ನು ಕಿತ್ತು ಕರ್ಚೀಫಿನಲ್ಲಿ ಸುತ್ತಿಕೊಂಡು ಕನಕಪುರದ ಬಸ್ಸು ಹತ್ತಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಯಲ್ಲಿ ಅದೇ ಥರದ ಹೊಸ ರಿಮೋಟು ಸಿಕ್ಕಿತು. ಅಂಗಡಿಯವನು ಎರಡನ್ನೂ ಜೋಡಿಸಿ ಕೊಟ್ಟ. ಅಲ್ಲಿಗೆ ಆ ವಿಷಯ ಮುಗಿಯಿತು ಎಂದುಕೊಂಡೆ.

ಆ ಟಿ.ವಿ. ನನಗೆ ಯಾಕೆ ಅಷ್ಟು ಮುಖ್ಯವಾಗಿತ್ತು ಎನ್ನುವುದನ್ನು ಹೇಳಬೇಕು. ನನಗೆ ಹೊಲಿಗೆ ಬರುತ್ತಿತ್ತು, ಆರಿ ಕಸೂತಿ ಬರುತ್ತಿರಲಿಲ್ಲ. ಮದುವೆಯ ಬ್ಲೌಸು ಹೊಲಿಸುವವರೆಲ್ಲ ಕೈಗೆ, ಬೆನ್ನಿಗೆ ಮಣಿ, ಜರಿ ಕೇಳುತ್ತಿದ್ದರು. ನಾನು 'ಬರಲ್ಲ' ಅಂದಾಗ ಬಟ್ಟೆ ಎತ್ತಿಕೊಂಡು ಪೇಟೆಗೆ ಹೋಗುತ್ತಿದ್ದರು. ಆಮೇಲೆ ಒಬ್ಬ ಹೆಂಗಸಿನ ವಿಡಿಯೊ ಪಾಠ ಸಿಕ್ಕಿತು. ಆಕೆ ಮಾತಾಡುತ್ತಿದ್ದದ್ದು ತಮಿಳು. ನಮ್ಮ ಕಡೆಯವರಿಗೆ ತಮಿಳು ಅರ್ಧಂಬರ್ಧ ಗೊತ್ತು, ಉಳಿದರ್ಧ ಆಕೆಯ ಕೈ ಹೇಳುತ್ತಿತ್ತು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಮೇಲಿನಿಂದ ಕೊಕ್ಕೆಸೂಜಿ ಇಳಿಸಿ, ಕೆಳಗಿನ ಕೈಯಿಂದ ದಾರ ಸುತ್ತಿ ಕೊಡಬೇಕು. ಆ ಸುತ್ತು ಹೇಗೆ ಬೀಳುತ್ತದೆ ಎನ್ನುವುದು ಫೋನಿನ ಪರದೆಯಲ್ಲಿ ನನ್ನ ಕಣ್ಣಿಗೆ ಕಾಣುತ್ತಲೇ ಇರಲಿಲ್ಲ. ಟಿ.ವಿ.ಯಲ್ಲಿ ಆಕೆಯ ಬೆರಳು ನನ್ನ ಮೊಳಕೈಯಷ್ಟು ದಪ್ಪ ಕಾಣುತ್ತಿತ್ತು. ಹೊಸ ರಿಮೋಟು ಬಂದ ಮೇಲೆ ಮಧ್ಯಾಹ್ನ ಊಟದ ಪಾತ್ರೆ ತೊಳೆದಿಟ್ಟು ಟಿ.ವಿ. ಮುಂದೆ ಚೌಕಟ್ಟು ಇಟ್ಟುಕೊಂಡು ಕೂರುತ್ತಿದ್ದೆ. ಬಿಚ್ಚಿ ಬಿಚ್ಚಿ ಹಾಕಿ ಒಂದು ಸಾಲು ಸರಪಣಿ ಹೊಲಿಗೆ ನೆಟ್ಟಗೆ ಬಂದ ದಿನ ಹಟ್ಟಿಗೆ ಓಡಿಹೋಗಿ, ಹಸುವಿಗೆ ಹುಲ್ಲು ಹಾಕುತ್ತಿದ್ದ ಗಂಡನಿಗೆ ತೋರಿಸಿದ್ದೆ.

ಕಲಿತ ಮೇಲೆ ಬೀದಿಯ ನಾಲ್ಕಾರು ಹೆಂಗಸರು ತಾವೂ ಕಲಿಯುತ್ತೇವೆಂದು ಬಂದರು. ಮಧ್ಯಾಹ್ನ ನಮ್ಮ ನಡುಮನೆ ತುಂಬುತ್ತಿತ್ತು. ಮಾತು, ನಗು ಎಲ್ಲ ಇರುತ್ತಿತ್ತು. ಬಾವನವರಿಗೆ ಇದು ಆಗಲಿಲ್ಲ. ಜಗಲಿಯಲ್ಲಿ ಕೂತು ನನಗೆ ಕೇಳುವ ಹಾಗೆ ತಮ್ಮನಿಗೆ ಹೇಳಿದರು: "ಲೇ, ನಿನ್ನೆಂಡ್ತಿಗೆ ಒಸಿ ಯೋಳ್ಲಾ. ಗಂಡಸ್ರು ಓಡಾಡೋ ಮನೆ. ಸಂತೆ ಮಾಡ್ಕೊಂಡವ್ಳೆ."

ಅವರು ನನ್ನೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ. ನಾನೂ ಅವರೆದುರು ಕೂರುತ್ತಿರಲಿಲ್ಲ. ನಾನು ಆ ಮನೆಗೆ ಬಂದಾಗಿನಿಂದ ಅವರು ಬಂದರೆ ಎದ್ದು ಬಾಗಿಲ ಮರೆಗೆ ಸರಿಯುವುದೇ ಪದ್ಧತಿ.

ಇದಾದ ಮೇಲೆ ಟಿ.ವಿ. ಕೆಡಲು ಶುರುವಾಯಿತು. ಪಾಠದ ನಡುವೆ ತಾನಾಗಿ ನಿಂತುಬಿಡುತ್ತಿತ್ತು. ಸೂಜಿ ಬಟ್ಟೆಯ ಕೆಳಗಿಳಿದಿರುವಾಗ ಧ್ವನಿ ಸೊನ್ನೆಯಾಗುತ್ತಿತ್ತು. ಒಮ್ಮೆ ಪಾಠ ಮಾಯವಾಗಿ ವಾರ್ತೆಯವರು ಕಿರುಚಾಡುವುದು ಬಂತು. ಹೆಂಗಸರು ಬೆಚ್ಚಿಬಿದ್ದರು. ಒಬ್ಬಾಕೆಯ ಮಣಿಯ ಬಟ್ಟಲು ಮಗುಚಿ ನೆಲದ ತುಂಬ ಮಣಿ.

"ಓಲ್ಟೇಜ್ ಸರಿ ಇಲ್ಲ ಕಣಮ್ಮಿ," ಅಂದರು ನನ್ನ ಗಂಡ. ಓಲ್ಟೇಜು ವಾರ್ತೆ ಹಾಕುತ್ತದೆಯೇ ಎಂದು ಕೇಳಿದೆ.

ನಿಜ ಹೇಳಿದವರು ನನ್ನ ವಾರಗಿತ್ತಿ, ಬಾವನವರ ಹೆಂಡತಿ. ಹಿತ್ತಲ ನಲ್ಲಿ ಎರಡೂ ಮನೆಗೆ ಒಂದೇ. ಅಲ್ಲಿ ಬಟ್ಟೆ ಹಿಂಡುತ್ತಾ ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಅಂದರು: "ನಾ ಯೋಳ್ದೆ ಅಂತ ಎಲ್ಲೂ ಅನ್ಬೇಡ ಕಣಮ್ಮಿ. ಆ ಹಳೇ ರಿಮೋಟು ಕಳ್ದಿಲ್ಲ. ನೀವು ಪಾಠಕ್ಕೆ ಕುಂತ ತಕ್ಷಣ ಗ್ವಾಡೆ ಪಕ್ಕ ಕುರ್ಚಿ ಹಾಕ್ಕೊಂಡು ಒತ್ತುತಾ ಕುಂತಿರ್ತಾರೆ."

"ಗೋಡೆ ಐತಲ್ಲಕ್ಕ, ಅದು ಹೆಂಗೆ ಈ ಕಡೆ ಬತ್ತದೆ?"

"ನಂಗೇನ್ ಗೊತ್ತು? ಒತ್ತುತಾರೆ, ನಿಮ್ ಕಡೆ ಸದ್ದು ನಿಲ್ತದೆ, ನಗ್ತಾರೆ."

ನಗುತ್ತಾರೆ ಎನ್ನುವ ಮಾತು ನನ್ನೊಳಗೆ ಕೊಳ್ಳಿ ಇಟ್ಟಂತಾಯಿತು. ಸಿಟ್ಟಿನಿಂದ ಒತ್ತಿದ್ದರೆ ಬೇರೆ ಮಾತು. ನಾವು ಬೆಚ್ಚುವುದು ಅವರಿಗೆ ಆಟವಾಗಿತ್ತು. ಕೈಯಲ್ಲಿದ್ದ ಬಟ್ಟೆಯನ್ನು ನೀರಿನಲ್ಲೇ ಬಿಟ್ಟು ಒಳಗೆ ಬಂದು ಗಂಡನಿಗೆ ಹೇಳಿದೆ, ಯಾರು ಹೇಳಿದರೆಂದು ಮಾತ್ರ ಹೇಳಲಿಲ್ಲ. ಅವರು ತಲೆ ಕೆರೆದುಕೊಂಡರು. "ಓಗ್ಲಿ ಬುಡಮ್ಮಿ. ದೊಡ್ಡೋರು. ನೀನು ಒಸಿ ದಿನ ಮೊಬೈಲಲ್ಲಿ ನೋಡ್ಕೊ. ಅವ್ರಿಗೇ ಬೇಜಾರಾಗಿ ಬುಡ್ತಾರೆ."

"ನಾನ್ಯಾಕೆ ಮೊಬೈಲಲ್ಲಿ ನೋಡ್ಬೇಕು?" ಎಂದೆ.

ಮರುದಿನ ಮತ್ತೆ ಕನಕಪುರ. ಅಂಗಡಿಯವನು ಕೇಳಿ ನಕ್ಕ. ಈ ರಿಮೋಟು ಬೆಳಕು ಬಿಟ್ಟು ಕೆಲಸ ಮಾಡುವುದಲ್ಲ, ಬ್ಲೂಟೂತಿನದು, ಗೋಡೆ ಅಡ್ಡ ಬಂದರೂ ಅದಕ್ಕೆ ಲೆಕ್ಕವಿಲ್ಲ, ಒಂದೇ ಕಡ್ಡಿಗೆ ಎರಡು ರಿಮೋಟು ಜೋಡಿಸಿಕೊಂಡಿರಬಹುದು ಎಂದ.

"ಹಳೇದನ್ನ ಬಿಡಿಸೋದು ಹೆಂಗೆ?"

"ಎಲ್ಲಾ ಅಳಿಸಿ ಹೊಸದರ ಥರ ಮಾಡ್ಬುಡಿ, ಸುಲಭ."

"ಎಲ್ಲಾ ಅಂದ್ರೆ? ನಾನು ಉಳಿಸಿಟ್ಟಿರೋ ಪಾಠಾನೂ ಹೋಗ್ತವಾ?"

"ಎಲ್ಲಾ ಹೋಯ್ತದೆ, ಆಮೇಲೆ ಪಾಸ್‌ವರ್ಡು ಹಾಕಿ ಮೊದಲಿಂದ ಹುಡುಕ್ಕೋಬೇಕು. ಅದೆಲ್ಲ ನಿಮಗಾಗಲ್ಲಕ್ಕ. ಯಜಮಾನ್ರನ್ನ ಕಳಿಸಿ, ಅವ್ರಿಗೆ ಹೇಳ್ಕೊಡ್ತೀನಿ."

"ಆ ಟಿ.ವಿ.ಗೆ ಯಜಮಾನಿ ನಾನೇ. ನಂಗೇ ಯೋಳಪ್ಪ," ಎಂದೆ. ತಪ್ಪು ಮಾಡಿದವರು ಅವರು, ನಾನು ಕಷ್ಟಪಟ್ಟು ಕೂಡಿಟ್ಟದ್ದನ್ನು ನಾನೇ ಅಳಿಸಿಕೊಳ್ಳಬೇಕೆ? ಅಳಿಸದೆ ಬಿಡಿಸುವ ದಾರಿ ಹೇಳು ಎಂದು ಅಂಗಡಿಯ ಮುಂದೆ ಗಟ್ಟಿಯಾಗಿ ನಿಂತೆ. ನನ್ನ ಹಿಂದೆ ಗಿರಾಕಿಗಳು ಸೇರುತ್ತಿದ್ದರು. ಕೊನೆಗೆ ಅವನು ತನ್ನ ಅಂಗಡಿಯ ಟಿ.ವಿ.ಯಲ್ಲೇ ತೋರಿಸಿದ. ಸೆಟ್ಟಿಂಗ್ಸಿಗೆ ಹೋಗಬೇಕು, ಅಲ್ಲಿ ರಿಮೋಟುಗಳ ಸಾಲು ಬರುತ್ತದೆ, ಬೇಡದ್ದರ ಮೇಲೆ ನಿಂತು ಮೂರು ಗೆರೆಯ ಗುಂಡಿ ಒತ್ತಿದರೆ 'ಬಿಡಿಸಲೇ?' ಎಂದು ಕೇಳುತ್ತದೆ. "ನೋಡ್ಕೊಂಡು ಒತ್ತಿ. ನಿಮ್ದನ್ನೇ ಬಿಡಿಸ್ಕೊಂಡ್ರೆ ಕೈಯಲ್ಲಿರೋದು ಸತ್ತೋಯ್ತದೆ," ಎಂದೂ ಹೇಳಿದ. ಬಸ್ಸಿನಲ್ಲಿ ಮೂರು ಗೆರೆ, ಮೂರು ಗೆರೆ ಎಂದು ಗೊಣಗಿಕೊಳ್ಳುತ್ತಾ ಬಂದೆ.

ಮನೆಗೆ ಬಂದವಳೇ ಮಾಡಿಬಿಡಬಹುದಿತ್ತು. ಆದರೆ ಮೊದಲು ಒಮ್ಮೆ ಕೇಳಬೇಕು ಅನ್ನಿಸಿತು. ಬಾವನವರು ಜಗಲಿಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಅವರೆದುರು ಹೋಗಿ ನಿಂತೆ, ಬಾಗಿಲ ಮರೆಗಲ್ಲ, ಎದುರಿಗೆ.

"ಬಾವ, ಆ ರಿಮೋಟು ಕೊಟ್ಬುಡಿ."

ಅವರು ನನ್ನ ಮುಖ ನೋಡದೆ ಬೀದಿಯ ಕಡೆ ನೋಡುತ್ತಾ ಅಂದರು: "ಕಳ್ದೋಗೈತೆ ಅಂತ ಅವತ್ತೇ ಯೋಳಿದ್ನಲ್ಲ." ಅಂಗಿಯ ಜೇಬಿನಲ್ಲಿ ಅದರ ಕಪ್ಪು ತುದಿ ಇಣುಕುತ್ತಿತ್ತು. ನಾನು ಅದನ್ನೇ ನೋಡುತ್ತಾ ನಿಂತೆ. ನಾನು ನೋಡಿದ್ದನ್ನು ಅವರೂ ನೋಡಿದರು. ಆದರೂ ಜೇಬು ಮುಚ್ಚಿಕೊಳ್ಳಲಿಲ್ಲ. ಏನು ಮಾಡಿಕೊಳ್ಳುತ್ತೀಯೋ ಮಾಡಿಕೋ ಎನ್ನುವ ಹಾಗಿತ್ತು ಆ ಕೂತಿದ್ದ ರೀತಿ. ಸರಿ, ಹಾಗೇ ಆಗಲಿ ಎಂದು ಒಳಗೆ ಬಂದೆ.

ಕದ್ದು ಮಾಡಲು ನನಗೆ ಇಷ್ಟವಿರಲಿಲ್ಲ. ಮಧ್ಯಾಹ್ನ ಹೆಂಗಸರೆಲ್ಲ ಬಂದು ಚೌಕಟ್ಟು ಬಿಗಿದು ಕೂತ ಮೇಲೆ ಪಾಠ ಹಾಕಿದೆ. ಸ್ವಲ್ಪ ಹೊತ್ತಿಗೆ ಎಂದಿನ ಹಾಗೆ ಧ್ವನಿ ಹೋಯಿತು. "ಯಾರೂ ಏಳ್ಬೇಡಿ," ಎಂದು ರಿಮೋಟು ಎತ್ತಿಕೊಂಡು ಸೆಟ್ಟಿಂಗ್ಸಿಗೆ ಹೋದೆ. ಆಚೆಯಿಂದ ಅವರು ಒತ್ತುತ್ತಲೇ ಇದ್ದರು. ನಾನು ಕೆಳಗಿಳಿಸಿದರೆ ಪರದೆ ಮತ್ತೆ ಮೊದಲಿನ ಜಾಗಕ್ಕೆ ಹಾರುತ್ತಿತ್ತು. ಮತ್ತೆ ಹೋಗುತ್ತಿದ್ದೆ, ಮತ್ತೆ ಹಾರುತ್ತಿತ್ತು. ಗೋಡೆಯ ಎರಡು ಬದಿ ನಿಂತು ಒಂದೇ ಹಗ್ಗ ಎಳೆದಾಡಿದ ಹಾಗಿತ್ತು. ಹೆಂಗಸರೆಲ್ಲ ಸೂಜಿ ಕೆಳಗಿಟ್ಟು ಪರದೆಯನ್ನೇ ನೋಡುತ್ತಿದ್ದರು. ಬಾವನವರು ಒಂದು ಕ್ಷಣ ಕೈ ಬಿಟ್ಟಾಗ ನಾನು ರಿಮೋಟುಗಳ ಸಾಲಿನ ಮೇಲೆ ಹೋಗಿ ನಿಂತೆ.

ಎರಡು ರಿಮೋಟು, ಎರಡಕ್ಕೂ ಒಂದೇ ಹೆಸರು. ಯಾವುದು ನನ್ನದು? ಅಂಗಡಿಯಲ್ಲಿ ಇದನ್ನು ಕೇಳಿರಲಿಲ್ಲ. ಮುಂದೆ ಕೂತಿದ್ದಾಕೆ "ಪಕ್ಕದಲ್ಲಿ ಏನೋ ಬರ್ದೈತೆ ನೋಡಕ್ಕ," ಎಂದಳು. ಒಂದರ ಪಕ್ಕ ಬ್ಯಾಟರಿ ಚೆನ್ನಾಗಿದೆ ಎಂದಿತ್ತು, ಇನ್ನೊಂದರ ಪಕ್ಕ ಬ್ಯಾಟರಿ ಕಡಿಮೆ ಎಂದಿತ್ತು. ಬಾವನವರು ಬ್ಯಾಟರಿಯನ್ನು ಬದಲಾಯಿಸಿದ್ದನ್ನು ಆ ಮನೆಯಲ್ಲಿ ಯಾರೂ ಕಂಡಿಲ್ಲ. ಹಲ್ಲಲ್ಲಿ ಕಚ್ಚಿ, ಬಿಸಿಲಿಗಿಟ್ಟು ಅದನ್ನೇ ತುರುಕುತ್ತಿದ್ದರು. ಕಡಿಮೆ ಇದ್ದದ್ದರ ಮೇಲೆ ನಿಂತು ಮೂರು ಗೆರೆಯ ಗುಂಡಿ ಒತ್ತಿದೆ. ಬಿಡಿಸಲೇ ಎಂದು ಕೇಳಿತು. ಹೌದು ಎಂದೆ. ಸಾಲಿನಲ್ಲಿ ಒಂದೇ ಉಳಿಯಿತು. ನನ್ನ ಕೈಯಲ್ಲಿದ್ದದ್ದು ಕೆಲಸ ಮಾಡುತ್ತಿತ್ತು.

ಪಾಠಕ್ಕೆ ಮರಳಿ ಬಂದು ಧ್ವನಿ ಏರಿಸಿದೆ. ಗೋಡೆಯ ಆಚೆಯಿಂದ ಗುಂಡಿ ಒತ್ತುವ ಟಿಕ್ ಟಿಕ್ ಸದ್ದು ಕೇಳಿದ ಹಾಗಾಯಿತು. ಆಮೇಲೆ ರಿಮೋಟನ್ನು ಅಂಗೈಗೆ ಬಡಿದ ಸದ್ದು. ಆಮೇಲೆ ಕುರ್ಚಿ ಸರಿದ ಸದ್ದು. ಬಾವನವರು ನಮ್ಮ ಹೊಸಲಿನ ಮೇಲೆ ಬಂದು ನಿಂತರು. ಕಳೆದುಹೋದ ರಿಮೋಟು ಅವರ ಕೈಯಲ್ಲೇ ಇತ್ತು.

ಹೆಂಗಸರು ಸೆರಗು ಸರಿಮಾಡಿಕೊಂಡು ಏಳಲು ಹೊರಟರು. ನಾನು ಏಳಲಿಲ್ಲ. ಕಾಲು ತಾನಾಗಿ ಎದ್ದು ನಿಲ್ಲಲು ನೋಡಿತು, ಅದನ್ನು ಹಿಡಿದು ಕೂರಿಸಿದೆ.

"ಏನ್ ಮಾಡ್ದಮ್ಮಿ ಇದುಕ್ಕೆ?" ಅವರು ನನ್ನ ಮುಖ ನೋಡಿ ಮಾತಾಡಿಸಿದ್ದು ಅದೇ ಮೊದಲು.

"ಬಿಡಿಸ್ದೆ ಬಾವ. ಅದುಕ್ಕೂ ಈ ಟಿ.ವಿ.ಗೂ ಇನ್ನು ಸಂಬಂಧ ಇಲ್ಲ."

"ಯಾರ್ನ ಕೇಳಿ ಬಿಡಿಸ್ದೆ? ಮನೆ ಹಿರಿಯ ಅಂತ ನಾನೊಬ್ಬ ಇಲ್ವಾ?"

"ಆ ಮನೆಗೆ ಹಿರಿಯರು ನೀವು. ಗೋಡೆ ಹಾಕ್ಸಿದ್ದು ನೀವೇ ಅಲ್ವಾ? ಹಾಕ್ಸಿದ ಮೇಲೆ ಅದರಾಚೆಗೆ ಕೈ ಯಾಕೆ ಚಾಚ್ತೀರಿ?"

ತಮಿಳಿನಾಕೆ ಟಿ.ವಿ.ಯಲ್ಲಿ ಎಲೆಯ ಆಕಾರ ತುಂಬುವುದನ್ನು ಹೇಳಿಕೊಡುತ್ತಲೇ ಇದ್ದಳು. ಬಾವನವರು ತಮ್ಮನನ್ನು ಕೂಗಿದರು. ನನ್ನ ಗಂಡ ಹಟ್ಟಿಯಿಂದ ಕೈ ಒರೆಸಿಕೊಳ್ಳುತ್ತಾ ಬಂದು, ಅಣ್ಣನನ್ನೂ ನನ್ನನ್ನೂ ಅಣ್ಣನ ಕೈಯಲ್ಲಿದ್ದ ರಿಮೋಟನ್ನೂ ನೋಡಿದರು. "ಕಳ್ದೋಯ್ತು ಅಂದಿದ್ಯಲ್ಲಣ್ಣ," ಎಂದರು. ಬಾವನವರು ತಿರುಗಿ ಹೊರಟುಹೋದರು.

ವಿಷಯ ಅಲ್ಲಿಗೆ ನಿಲ್ಲಲಿಲ್ಲ. ನಾನು ಹಿರಿಯರ ಮುಖಕ್ಕೆ ಮಾತು ಎಸೆದೆ ಎಂದು ಊರಲ್ಲಿ ಸುದ್ದಿಯಾಯಿತು. ಗೌರಿಹಬ್ಬಕ್ಕೆ ಬಂದ ಗಂಡನ ಸೋದರತ್ತೆ ನನ್ನನ್ನು ಅಡುಗೆಮನೆಯಲ್ಲಿ ಕೂರಿಸಿಕೊಂಡು, "ಓಗಿ ಕಾಲಿಗೆ ಬಿದ್ದು ತಪ್ಪಾಯ್ತು ಅಂದ್ಬುಡು. ನಿನ್ ಗಂಟೇನು ಓಯ್ತದೆ?" ಎಂದರು.

"ತಪ್ಪು ಮಾಡಿಲ್ಲ ಅತ್ತೆ. ಹಬ್ಬಕ್ಕೆ ಕಾಲಿಗೆ ಬೀಳ್ತೀನಿ, ದೊಡ್ಡೋರು. ತಪ್ಪಾಯ್ತು ಅನ್ನಲ್ಲ."

ಹಾಗೇ ಮಾಡಿದೆ. ಬಾಗಿನ ಕೊಟ್ಟು ವಾರಗಿತ್ತಿ ಅಕ್ಕನಿಗೆ ನಮಸ್ಕಾರ ಮಾಡಿ, ಬಾವನವರ ಕಾಲು ಮುಟ್ಟಿ ಎದ್ದೆ. ಅವರು ಕಾಯುತ್ತಿದ್ದ ಮಾತು ನನ್ನ ಬಾಯಿಂದ ಬರಲಿಲ್ಲ. ಅವರ ಆಶೀರ್ವಾದವೂ ಬರಲಿಲ್ಲ. ಸೋದರತ್ತೆ ಹಣೆ ಚಚ್ಚಿಕೊಂಡರು.

ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಅಕ್ಕ ನಮ್ಮ ಮನೆಗೆ ಬಂದರು. ಹಿತ್ತಲ ಕಡೆಯಿಂದಲ್ಲ, ತಮ್ಮ ಗಂಡ ಕೂತಿದ್ದ ಜಗಲಿ ದಾಟಿಕೊಂಡು ಮುಂಬಾಗಿಲಿನಿಂದ. ಕೈಯಲ್ಲಿ ಹಸಿರು ರವಿಕೆ ಕಣ ಇತ್ತು. "ನಂಗೂ ಯೋಳ್ಕೊಡು. ಕಣ್ಣು ಒಸಿ ಮಂಜು, ಮುಂದೆ ಕುಂತ್ಕತೀನಿ," ಎಂದು ಟಿ.ವಿ.ಯ ಎದುರಿಗೇ ಮಣೆ ಎಳೆದುಕೊಂಡರು. ಆಚೆಯಿಂದ "ಲೇ, ಕಾಫಿ!" ಎಂದು ಕೂಗು ಬಂತು. ಅಕ್ಕ ಸೂಜಿಗೆ ದಾರ ಸಿಕ್ಕಿಸುತ್ತಾ, "ಒಲೆ ಮೇಲೈತೆ, ಬಗ್ಗುಸ್ಕಳಿ!" ಎಂದು ಅಲ್ಲಿಂದಲೇ ಕೂಗಿ ಹೇಳಿದರು. ಹೆಂಗಸರೆಲ್ಲ ಒಮ್ಮೆಗೇ ನಕ್ಕರು. ಯಾರೂ ಸೆರಗು ಬಾಯಿಗೆ ಅಡ್ಡ ಹಿಡಿಯಲಿಲ್ಲ.

ಬಾವನವರು ಇವತ್ತಿಗೂ ನನ್ನನ್ನು ಮಾತಾಡಿಸುವುದಿಲ್ಲ. ನಾನೂ ಅದಕ್ಕಾಗಿ ಕಾಯುತ್ತಿಲ್ಲ. ಮಧ್ಯಾಹ್ನ ಹೆಂಗಸರು ಬರುತ್ತಾರೆ. ಮದುವೆ ಸೀಸನ್ನಿಗೆ ಕೂರಲು ಜಾಗ ಸಾಲದೆ ಬಾಗಿಲಾಚೆಗೂ ಚೌಕಟ್ಟು ಇಟ್ಟುಕೊಳ್ಳುತ್ತಾರೆ. ಅವರಿಗೂ ಕೇಳಲಿ ಎಂದು ಧ್ವನಿಯನ್ನು ಇನ್ನೂ ಒಂದಿಷ್ಟು ಏರಿಸುತ್ತೇನೆ.