ಜೀವವಿರುವ ಸಾಲಿನಲ್ಲಿ ಒಂದು ಕಲ್ಲು

ಸ್ಲೇಟಿನ ಮೇಲಿದ್ದ ‘ಕಲ್ಲು’ ಎಂಬ ಪದವನ್ನು ಅಳಿಸಲು ನಾನು ಕೈ ಚಾಚಿದಾಗ ಹುಡುಗಿ ಸ್ಲೇಟನ್ನು ಎದೆಗೆ ಅವಚಿಕೊಂಡಳು. ಮಾಗಡಿಯ ನಮ್ಮ ಶಾಲೆಯ ಮಕ್ಕಳನ್ನು ಕಟ್ಟೆಯ ದಡಕ್ಕೆ ಕರೆದೊಯ್ದು, ಕಂಡದ್ದನ್ನೆಲ್ಲ ಜೀವವಿರುವುದು, ಇಲ್ಲದ್ದು ಎಂದು ಎರಡು ಸಾಲಾಗಿ ಬರೆಯಲು ಹೇಳಿದ್ದೆ. ಕಪ್ಪೆ, ಏಡಿ, ಜೊಂಡಿನ ಸಾಲಿಗೆ ಅವಳು ಕಲ್ಲನ್ನೂ ಸೇರಿಸಿದ್ದಳು.

“ಕಲ್ಲಿಗೆ ಜೀವ ಎಲ್ಲಿಂದ ಬಂತಮ್ಮ?” ಎಂದೆ.

ನೀರಂಚಿನಲ್ಲಿ ಅರಿಶಿನ ಬಳಿದಿದ್ದ ಪುಟ್ಟ ಕಲ್ಲೊಂದನ್ನು ತೋರಿಸಿದಳು. “ನಾ ಹುಟ್ಟಿದ್ಮೇಲೆ ನಮ್ಮವ್ವ ಗಂಗೆ ಪೂಜೆಗೆ ಮಡಗಿದ್ದು ಮೇಷ್ಟ್ರೆ. ಅವ್ಳೇ ತೋರ್ಸಿದ್ಲು, ಈಗ ಅರಿಶ್ನ ನಾನೇ ಬಳೀತೀನಿ. ಅವ್ವ ಹೋಗ್ಬುಟ್ಲು. ಇದು ಐತೆ.”

ನಾನು ಅಳಿಸಲಿಲ್ಲ. ಶಾಲೆಯ ತನಿಖೆಗೆ ಬರುವ ಇನ್ಸ್‌ಪೆಕ್ಟರು ಬಯ್ದರೆ ಬಯ್ಯಲಿ.

ರಜೆಯಲ್ಲಿ ನಾನು ಹುಟ್ಟಿದ ಗುಡೇಮಾರನಹಳ್ಳಿಗೆ ಹೋಗಿ ಬಾಣಂತಿಯರು ಗಂಗೆ ಪೂಜೆ ಮಾಡುವ ಅಲ್ಲಿನ ಬಾವಿಯ ಸುತ್ತ ಹುಡುಕಿದೆ. ನನಗಾಗಿ ಇಟ್ಟ ಕಲ್ಲೂ ಅಲ್ಲೇ ಇರಬೇಕು. ಯಾವುದೆಂದು ತೋರಿಸಲು ನನ್ನವ್ವನೂ ಇಲ್ಲ.