ಚಳಿಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆಯುವವಳು

ನವೆಂಬರ್ ಕೊನೆಯಿಂದ ಮಾರ್ಚ್ ಮುಗಿಯುವವರೆಗೆ ಹಿಮದ ಊರಾದ ಇಯಾಮಾದಲ್ಲಿ ಯಾರೂ ಕಾರಿನ ಹ್ಯಾಂಡ್‌ಬ್ರೇಕ್ ಎಳೆಯುವುದಿಲ್ಲ. ಎಳೆದರೆ ಬೆಳಗಾಗುವುದರೊಳಗೆ ಅದು ಹೆಪ್ಪುಗಟ್ಟಿ ಕಚ್ಚಿಕೊಂಡುಬಿಡುತ್ತದೆ, ಆಮೇಲೆ ಹಿಂದಿನ ಚಕ್ರ ಜಪ್ಪಯ್ಯ ಅಂದರೂ ತಿರುಗುವುದಿಲ್ಲ. ಗೇರ್ ಹಾಕಿ ನಿಲ್ಲಿಸಿ ಇಳಿದು ಹೋಗುವುದೇ ಅಲ್ಲಿನ ರೂಢಿ. ಡ್ರೈವಿಂಗ್ ಕಲಿಸುವವರೂ ಹಾಗೆಯೇ ಕಲಿಸುತ್ತಾರೆ.

ಹೊಶಿನಾ ಕಿನುಯೆ ಮಾತ್ರ ಎಳೆಯುತ್ತಾಳೆ. ಎಳೆದದ್ದಕ್ಕೆ ಬೆಳಿಗ್ಗೆ ಎದ್ದು ಕೆಟಲಿನಲ್ಲಿ ಉಗುರುಬೆಚ್ಚಗಿನ ನೀರು ತಂದು, ತನ್ನ ಪುಟ್ಟ ಟ್ರಕ್ಕಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಚಕ್ರದ ಒಳಭಾಗಕ್ಕೆ ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾಳೆ.

ಎದುರಿನ ಮದ್ಯದಂಗಡಿಯ ಫುಮಿ ಬಾಗಿಲ ಮುಂದಿನ ಹಿಮ ಬಾಚುತ್ತಾ ದಿನಾ ಕೇಳುತ್ತಾಳೆ, "ಏನ್ರೀ ಕಿನುಯೆ ಸಾನ್, ಇವತ್ತೂ ಚಕ್ರಕ್ಕೆ ಚಹಾ ಕುಡಿಸ್ತಿದ್ದೀರಾ?"

"ಹೂಂ. ಖಾಲಿ ಹೊಟ್ಟೇಲಿ ಹೊರಡಲ್ವಂತೆ."

"ಊರೋರ ಕಾರೆಲ್ಲ ರಿಪೇರಿ ಮಾಡ್ತೀರಿ, ಇಷ್ಟು ತಿಳಿಯಲ್ವಲ್ಲ ನಿಮಗೆ!"

ಕಿನುಯೆ ನಕ್ಕು ಕೆಟಲ್ ಬಗ್ಗಿಸುತ್ತಾಳೆ. ವಯಸ್ಸಾಗುತ್ತಾ ಬಂದ ಹೆಂಗಸಿನ ವಿಚಿತ್ರ ಹಟ ಎಂದು ಊರು ಸುಮ್ಮನಾಗಿತ್ತು. ಕಾರಣ ಏನೆಂದು ಅವಳು ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ಒಂದೇ ಒಂದು ಮನೆಗೆ ಎಂಟು ವರ್ಷ ಹೇಳಿರಲಿಲ್ಲ.

ಮದುವೆಗೆ ಮುಂಚೆ ಅವಳು ಕಾರಿನ ವೈರುಗಳನ್ನು ಕಟ್ಟುಕಟ್ಟುವ ಕಾರ್ಖಾನೆಯಲ್ಲಿದ್ದಳು. ಬಣ್ಣ ನೋಡಿ ವೈರು ಆರಿಸುವುದರಲ್ಲಿ ಅವಳ ಸಾಲಿನಲ್ಲಿ ಅವಳಷ್ಟು ಚುರುಕು ಯಾರೂ ಇರಲಿಲ್ಲ. ಕಾರಿನ ಎಲೆಕ್ಟ್ರಿಕ್ ಕೆಲಸದ ಅಂಗಡಿ ಇಟ್ಟಿದ್ದ ಮಸಾಜಿಯನ್ನು ಮದುವೆಯಾದ ಮೇಲೆ ಅವನ ಪಕ್ಕದಲ್ಲಿ ಕೂತು ಬೆಸುಗೆ ಕಲಿತಳು. ಮಸಾಜಿ ಮಾತಿನಲ್ಲಿ ಕಲಿಸುತ್ತಿರಲಿಲ್ಲ. ಅವಳು ಹಾಕಿದ ಪ್ರತಿ ಬೆಸುಗೆಯನ್ನೂ ಎರಡು ಬೆರಳಲ್ಲಿ ಹಿಡಿದು ಮೂರು ಸಲ ಎಳೆಯುತ್ತಿದ್ದ. ಬಿಟ್ಟುಬಂದರೆ ಅವಳ ಕೈಗೆ ಕೊಟ್ಟು ಸುಮ್ಮನೆ ಎದ್ದು ಹೋಗುತ್ತಿದ್ದ. ಬರದಿದ್ದರೆ "ಮುಂದಿನದು" ಎನ್ನುತ್ತಿದ್ದ. ಅವನ ಬಾಯಿಂದ ಅವಳಿಗೆ ಸಿಕ್ಕ ಹೊಗಳಿಕೆಯೆಲ್ಲ ಆ ಒಂದು ಪದದಲ್ಲೇ ಇತ್ತು.

ಮಸಾಜಿ ತೀರಿಕೊಂಡ ಮೇಲೆ ಅವಳೇ ಅಂಗಡಿ ನಡೆಸಿದಳು. ಬ್ಯಾಟರಿ, ದೀಪ, ವೈಪರ್ ಮೋಟಾರ್ ಎಂದು ಬರುವವರು ಬರುತ್ತಿದ್ದರು. ಹೊಸ ಕಾರು, ಒಳ್ಳೆಯ ಕಾರು ಇದ್ದವರು ಮಾತ್ರ ಬಾಗಿಲಲ್ಲಿ ಇಣುಕಿ, "ಗಂಡಸರು ಯಾರೂ ಇಲ್ವಾ?" ಎಂದು ಕೇಳಿ ಪಕ್ಕದ ಊರಿಗೆ ಹೋಗುತ್ತಿದ್ದರು.

ಹಾಗೆ ಕೇಳದೆ ನೇರವಾಗಿ ಒಳಗೆ ಬಂದವನು ಯುಮೊತೊ ನೊಬುಹಿಕೊ. ಬೆಟ್ಟದ ಮೇಲಿನ ಸ್ಕೀ ಲಿಫ್ಟಿನಲ್ಲಿ ಮೆಕ್ಯಾನಿಕ್ ಆಗಿದ್ದ, ಇಪ್ಪತ್ತಾರು ವರ್ಷದವನು. ಎರಡು ಬಾಗಿಲಿನ ಬಿಳಿ ಸ್ಪೋರ್ಟ್ಸ್ ಕಾರು ಕೊಂಡಿದ್ದ. ಹಳೆಯದೇ ಆದರೂ ಅವನು ಅದನ್ನು ತೊಳೆದು ಒರೆಸುವ ಚೆಂದ ನೋಡಿದರೆ ಹಾಗನ್ನಿಸುತ್ತಿರಲಿಲ್ಲ. ಅಂಗೈಯಗಲದ ಒಂದು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ.

"ಟರ್ಬೊ ಟೈಮರ್ ಇದು, ಕಿನುಯೆ ಸಾನ್. ಬೆಟ್ಟ ಹತ್ತಿ ಬಂದ ತಕ್ಷಣ ಎಂಜಿನ್ ಆರಿಸಿದ್ರೆ, ಎಂಜಿನ್ನಿಗೆ ಗಾಳಿ ತುಂಬೋ ಟರ್ಬೊ ಒಳಗಿನ ಎಣ್ಣೆ ಅಲ್ಲೇ ಸೀದುಹೋಗುತ್ತೆ. ಇದನ್ನ ಹಾಕಿದ್ರೆ ಕೀ ತೆಗೆದ ಮೇಲೂ ಎರಡು ನಿಮಿಷ ಎಂಜಿನ್ ಓಡ್ತಾ ಇದ್ದು, ತಣ್ಣಗಾಗಿ, ತಾನೇ ನಿಲ್ಲುತ್ತೆ. ಹಾಕಿಕೊಡ್ತೀರಾ?"

"ಬೇರೆ ಎಲ್ಲೂ ಹಾಕಿಸ್ಲಿಲ್ವಾ?"

"ಅವರೆಲ್ಲ ವೈರನ್ನ ಕ್ಲಿಪ್ಪಲ್ಲಿ ಕಚ್ಚಿಸಿ ಬಿಡ್ತಾರೆ. ನೀವು ಬೆಸುಗೆ ಹಾಕ್ತೀರಂತಲ್ಲ."

ಆ ಮಾತು ಅವಳಿಗೆ ಎಷ್ಟು ಹಿಡಿಸಿತೆಂದರೆ, ಅವನು ಹೋದ ಮೇಲೂ ಸ್ವಲ್ಪ ಹೊತ್ತು ಅದನ್ನೇ ಮನಸ್ಸಿನಲ್ಲಿ ಹೇಳಿಕೊಂಡಳು.

ಪೆಟ್ಟಿಗೆಯೊಳಗಿನ ಕಾಗದವನ್ನು ಮೂರು ಸಲ ಓದಿದಳು. ಕೆಂಪು ವೈರು ಬ್ಯಾಟರಿಯದು, ಕಪ್ಪು ಕಾರಿನ ಬಾಡಿಯ ಲೋಹಕ್ಕೆ, ಉಳಿದವು ಕೀಯ ಹಿಂದಕ್ಕೆ. ಕೊನೆಯದೊಂದು ಹಸಿರು ವೈರು ಹ್ಯಾಂಡ್‌ಬ್ರೇಕಿನ ಸ್ವಿಚ್ಚಿಗೆ ಹೋಗಬೇಕು. ಹ್ಯಾಂಡ್‌ಬ್ರೇಕ್ ಎಳೆದಿದ್ದರೆ ಮಾತ್ರ ಟೈಮರ್ ಕೆಲಸ ಮಾಡುತ್ತದೆ, ಎಳೆಯದಿದ್ದರೆ ಎಂಜಿನ್ ಕೂಡಲೇ ನಿಲ್ಲುತ್ತದೆ. ಯಾರೂ ಇಲ್ಲದ ಕಾರು ಎಂಜಿನ್ ಓಡುತ್ತಿರುವಾಗ ಜಾರಿ ಹೋಗದಿರಲಿ ಎಂದು ಮಾಡಿದ್ದು. ಈ ವೈರನ್ನು ಬೇರೆಲ್ಲಿಗೂ ಸೇರಿಸಕೂಡದು ಎಂದು ಕೆಂಪು ಚೌಕದೊಳಗೆ ಬರೆದಿತ್ತು.

ನೊಬುಹಿಕೊ ಬಂದು ನೋಡಿ ನಕ್ಕುಬಿಟ್ಟ. "ಇದನ್ನ ಬರೆದೋರು ಬೆಚ್ಚಗಿನ ಊರಿನೋರು ಇರ್ಬೇಕು. ಇಲ್ಲಿ ಚಳಿಗಾಲದಲ್ಲಿ ಹ್ಯಾಂಡ್‌ಬ್ರೇಕ್ ಯಾರು ಎಳೀತಾರೆ? ವರ್ಷದಲ್ಲಿ ಐದು ತಿಂಗಳು ಈ ಡಬ್ಬಿ ಸುಮ್ನೆ ಕೂತಿರುತ್ತೆ."

"ಅದೂ ನಿಜವೇ."

"ಆ ಹಸಿರು ವೈರನ್ನ ನೇರ ಕಾರಿನ ಬಾಡಿಯ ಲೋಹಕ್ಕೇ ಕೊಟ್ಟುಬಿಡಿ. ಹ್ಯಾಂಡ್‌ಬ್ರೇಕ್ ಯಾವಾಗ್ಲೂ ಎಳೆದೇ ಇದೆ ಅಂದ್ಕೊಳ್ಳುತ್ತೆ."

ಕಿನುಯೆ ಕಾಗದದ ಕೆಂಪು ಚೌಕವನ್ನೇ ನೋಡಿದಳು. ಆಗುವುದಿಲ್ಲ ಎಂದರೆ ಅವನೂ ಪಕ್ಕದ ಊರಿಗೆ ಹೋಗುತ್ತಾನೆ, ಅಲ್ಲಿಯವರು ನಗುತ್ತಲೇ ಮಾಡಿಕೊಡುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

"ಎಂಜಿನ್ ಓಡ್ತಿರೋವಾಗ ಗೇರ್ ಹಾಕಿಡೋಕಾಗಲ್ಲ. ಅದು ನಿಲ್ಲೋ ತನಕ ಕಾರಿನ ಪಕ್ಕದಲ್ಲೇ ಇರ್ತೀರಾ? ನಿಂತ ಮೇಲೆ ಗೇರ್ ಹಾಕಿಯೇ ಹೋಗ್ಬೇಕು."

"ಇರ್ತೀನಿ. ಕಾರ್ ಬಿಟ್ಟು ನಾನೆಲ್ಲಿಗೆ ಹೋಗ್ಲಿ!"

ಅವಳು ಹಸಿರು ವೈರಿನ ತುದಿಗೆ ಲೋಹದ ಬಳೆ ಹಾಕಿ, ಬೆಸೆದು, ಬಿಸಿಗೆ ಕುಗ್ಗುವ ಕೊಳವೆ ತೊಡಿಸಿ, ಬಾಡಿಯ ಒಂದು ಬೋಲ್ಟಿನ ಕೆಳಗೆ ಬಿಗಿದಳು. ಮೂರು ಸಲ ಎಳೆದು ನೋಡಿದಳು. ಬಿಟ್ಟುಬರಲಿಲ್ಲ. ಮಸಾಜಿ ಇದ್ದಿದ್ದರೆ "ಮುಂದಿನದು" ಎನ್ನುತ್ತಿದ್ದ ಎಂದುಕೊಂಡಳು. ಅವನು ಕಾಗದ ಓದಿದ್ದರೆ ಏನು ಹೇಳುತ್ತಿದ್ದ ಎಂದು ಆವತ್ತು ಯೋಚಿಸಲಿಲ್ಲ.

ಆ ಚಳಿಗಾಲ ನೊಬುಹಿಕೊ ಮಾತಿಗೆ ತಪ್ಪಲಿಲ್ಲ. ಮನೆ ಮುಂದಿನ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಕೀ ಕೈಯಲ್ಲಿ ಹಿಡಿದು, ಎಂಜಿನ್ ಗುರುಗುಟ್ಟಿ ನಿಲ್ಲುವವರೆಗೂ ಪಕ್ಕದಲ್ಲೇ ನಿಂತಿರುತ್ತಿದ್ದ. "ಮಗೂನ ಮಲಗಿಸ್ತಾ ಇದ್ದೀಯೇನೋ?" ಎಂದು ಅವನ ಅಪ್ಪ ತೊಮೆಕಿಚಿ ಹಂಗಿಸುತ್ತಿದ್ದ.

ಮುಂದಿನ ಚಳಿಗಾಲ, ಫೆಬ್ರವರಿಯ ಒಂದು ಮಧ್ಯಾಹ್ನ, ಅವನು ಕಾರಿನಿಂದ ಇಳಿಯುತ್ತಿದ್ದಂತೆ ತಾಯಿ ಒಳಗಿನಿಂದ ಕೂಗಿದಳು. ಲಿಫ್ಟ್ ನಡುದಾರಿಯಲ್ಲಿ ನಿಂತುಹೋಗಿದೆ, ಜನ ನೇತಾಡುತ್ತಿದ್ದಾರೆ, ಫೋನ್ ಬಂದಿದೆ ಎಂದು. ಅವನು ಫೋನಿಗೆ ಒಳಗೆ ಓಡಿದ. ಕಾರಿನ ಎಂಜಿನ್ ಓಡುತ್ತಲೇ ಇತ್ತು. ಗೇರಿಲ್ಲ, ಬ್ರೇಕಿಲ್ಲ. ಚಕ್ರ ಒಂದು ಹಿಮದ ಗುಳಿಯಲ್ಲಿ ಕೂತಿತ್ತು, ಅಷ್ಟೇ. ಕೆಳಗೆ ರಸ್ತೆಯಂಚಿನಲ್ಲಿ ತೊಮೆಕಿಚಿ ಬೆನ್ನು ತಿರುಗಿಸಿ ಹಿಮ ಬಾಚುತ್ತಿದ್ದ. ಹಿಂದೆ ಎಂಜಿನ್ನಿನ ಸದ್ದು ಕೇಳಿಸಿತು. ಆದರೆ ಆ ಕಾರು ದಿನವೂ ಹಾಗೆ ಒಂಟಿಯಾಗಿ ಗುರುಗುಟ್ಟುವುದೇ ಆದ್ದರಿಂದ ತಿರುಗಿ ನೋಡಲಿಲ್ಲ. ಎಂಜಿನ್ನಿನ ಅದುರಿಗೆ ಗುಳಿಯಿಂದ ಜಾರಿದ ಕಾರು ಮೆಲ್ಲಗೆ ಬಂದು ಅವನನ್ನು ಹಿಮದ ಗೋಡೆಗೆ ಒತ್ತಿತು. ಬಲ ಮಂಡಿ ಪುಡಿಯಾಯಿತು.

ತೊಮೆಕಿಚಿ ಬಡಗಿ. ಚಳಿಗಾಲದಲ್ಲಿ ಮುದುಕರ, ಒಂಟಿ ಹೆಂಗಸರ ಮನೆಗಳ ಮಾಡು ಹತ್ತಿ ಹಿಮ ಇಳಿಸುವುದು ಅವನೇ. ಕಿನುಯೆಯ ಮಾಡಿನ ಹಿಮವನ್ನೂ ಅವನೇ ಇಳಿಸುತ್ತಿದ್ದ. ಅವನು ಮತ್ತೆ ಏಣಿ ಹತ್ತಲಿಲ್ಲ.

ಅವಳು ಸೇಬಿನ ಬುಟ್ಟಿ ಹಿಡಿದು ಆಸ್ಪತ್ರೆಗೆ ಹೋದಳು. ಹೇಳಬೇಕೆಂದೇ ಹೋಗಿದ್ದಳು. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡಿದ್ದಳು. ತೊಮೆಕಿಚಿ ಹಾಸಿಗೆಯಲ್ಲಿ ಮಲಗಿದ್ದ. ನೊಬುಹಿಕೊ ಕಾಲಿನ ಹತ್ತಿರ ನಿಂತಿದ್ದ.

"ನೋಡಿ ಕಿನುಯೆ ಸಾನ್, ನನ್ನ ಮಗನ್ನ," ಎಂದ ತೊಮೆಕಿಚಿ. "ಕಾರ್ ಓಡಿಸೋಕೆ ಬರುತ್ತೆ, ನಿಲ್ಲಿಸೋಕೆ ಬರಲ್ಲ. ಪೊಲೀಸರೂ ಅದನ್ನೇ ಬರ್ಕೊಂಡು ಹೋದ್ರು. ಅಜಾಗರೂಕತೆ ಅಂತೆ!"

ನೊಬುಹಿಕೊ ತಲೆಯೆತ್ತಿ ಅವಳನ್ನು ನೋಡಿದ. ಅವಳು ಸೇಬುಗಳನ್ನು ನೋಡಿದಳು.

"ಬೇಗ ಗುಣವಾಗ್ಲಿ," ಎಂದಳು. ಬಗ್ಗಿ ನಮಸ್ಕರಿಸಿ ಹೊರಗೆ ಬಂದಳು.

ಅವನೇ ಹೇಳದಿರುವಾಗ ನಾನು ಹೇಗೆ ಹೇಳಲಿ ಎಂದು ಮನೆ ತಲುಪುವುದರೊಳಗೆ ಒಂದು ಕಾರಣ ಹುಟ್ಟಿತು. ಆ ಕಾರಣವನ್ನು ಅವಳು ಎಂಟು ವರ್ಷ ಬಳಸಿದಳು.

ಮಾರ್ಚಿನಲ್ಲಿ ನೊಬುಹಿಕೊ ಕಾರು ಮಾರುವ ಮುಂಚೆ ಟೈಮರ್ ತೆಗೆಸಲು ತಂದ. ಇಬ್ಬರೂ ಹವೆಯ ಬಗ್ಗೆ ಮಾತಾಡಿದರು. ಹಸಿರು ವೈರನ್ನು ಬಿಚ್ಚಿದಾಗ ಬೆಸುಗೆ ಹಾಕಿದ ದಿನದ ಹಾಗೆಯೇ ಹೊಳೆಯುತ್ತಿತ್ತು. ಅಂಥ ಅಚ್ಚುಕಟ್ಟಾದ ಕೆಲಸವನ್ನು ಅವಳು ಬೇರೆಲ್ಲೂ ಮಾಡಿರಲಿಲ್ಲ. ಅದನ್ನು ಕತ್ತರಿಸಿ ಮೇಜಿನ ಡ್ರಾಯರಿನೊಳಗೆ ಹಾಕಿದಳು. ಆ ವರ್ಷದ ಚಳಿಗಾಲದಿಂದ ಹ್ಯಾಂಡ್‌ಬ್ರೇಕ್ ಎಳೆಯತೊಡಗಿದಳು. ಹೇಳಬೇಕಾದದ್ದನ್ನು ಹೇಳುವ ಬದಲು ಹಾಗೆ ಮಾಡುತ್ತಿದ್ದೇನೆ ಎಂದು ಅವಳಿಗೇ ಗೊತ್ತಿತ್ತು.

ನೊಬುಹಿಕೊ ಮತ್ತೆ ಕಾರು ಮುಟ್ಟಲಿಲ್ಲ. ಬೆಳಿಗ್ಗೆ ಬಸ್ಸು ಹಿಡಿದು ಬೆಟ್ಟಕ್ಕೆ ಹೋಗುವುದು, ಸಂಜೆ ನಡೆದು ಮನೆಗೆ ಬರುವುದು. ಮಾಡಿನ ಹಿಮ ಇಳಿಸುವ ಕೆಲಸವೂ ಅವನದಾಯಿತು. ಅಪ್ಪ ಕಿಟಕಿಯಲ್ಲಿ ಕೂತು "ಅಂಚು ಬಿಟ್ಟೆ, ಅಂಚು!" ಎಂದು ಕೂಗುತ್ತಿದ್ದ. ತಾಯಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಉಳಿದದ್ದು ಹೆಚ್ಚುಕಡಿಮೆ ಒಂದೇ ಮಾತು: ಓಡಿಸೋಕೆ ಬರುತ್ತೆ, ನಿಲ್ಲಿಸೋಕೆ ಬರಲ್ಲ.

ಎಂಟನೆಯ ವರ್ಷ, ಕೇರಿಯ ಹೊಸ ವರ್ಷದ ಊಟದಲ್ಲಿ, ಕೇರಿಯ ಮುಖ್ಯಸ್ಥ ಎದ್ದು ನಿಂತು, ಹಿಮ ತಳ್ಳುವ ಗಾಡಿಯನ್ನು ಇನ್ನು ಮೇಲೆ ನೊಬುಹಿಕೊ ಓಡಿಸಲಿ, ಯಂತ್ರ ಬಲ್ಲವನು ಅವನೊಬ್ಬನೇ ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಒಂದು ಕ್ಷಣ ನೊಬುಹಿಕೊನ ಮುಖ ಇಪ್ಪತ್ತಾರು ವರ್ಷದವನ ಮುಖದಂತಾದದ್ದನ್ನು ಕಿನುಯೆ ನೋಡಿದಳು.

"ಇವನಿಗಾ?" ತೊಮೆಕಿಚಿ ಗಟ್ಟಿಯಾಗಿ ನಕ್ಕ. "ಎಲ್ಲರೂ ಮಂಡಿ ಜೋಪಾನ ಮಾಡ್ಕೊಳ್ರಪ್ಪ!"

ಎಲ್ಲರೂ ನಕ್ಕರು. ನೊಬುಹಿಕೊ ಬಟ್ಟಲು ಕೆಳಗಿಟ್ಟು, "ಅಪ್ಪ ಹೇಳೋದು ಸರಿ. ಬೇರೆ ಯಾರಿಗಾದ್ರೂ ಕೊಡಿ," ಎಂದ.

ನಾಳೆಯೇ ಹೋಗುತ್ತೇನೆ ಎಂದು ಕಿನುಯೆ ಆವತ್ತು ನಿಶ್ಚಯಿಸಿದಳು. ಹೋದದ್ದು ಮೂರು ವಾರದ ಮೇಲೆ. ಅಷ್ಟರಲ್ಲಿ ಗಾಡಿ ಬೇರೊಬ್ಬನ ಕೈಸೇರಿತ್ತು.

ತೊಮೆಕಿಚಿ ಅಡಿಯಲ್ಲಿ ಹೀಟರಿದ್ದ ತಗ್ಗು ಮೇಜಿನ ಕೆಳಗೆ ಕಾಲು ಚಾಚಿ ಕೂತಿದ್ದ. ಉಪ್ಪು ಹಾಕಿದ ಸೊಪ್ಪು, ಚಹಾ ಮುಂದಿಟ್ಟ. ಕಿನುಯೆ ಕರವಸ್ತ್ರ ಬಿಚ್ಚಿ ಹಸಿರು ವೈರನ್ನು ಮೇಜಿನ ಮೇಲೆ ಇಟ್ಟಳು. ಕಾಗದದಲ್ಲಿ ಏನು ಬರೆದಿತ್ತು, ತಾನು ಏನು ಮಾಡಿದೆ ಎಂದು ಒಂದೂ ಬಿಡದೆ ಹೇಳಿದಳು. "ಈ ವೈರು ಇರಬೇಕಾದ ಕಡೆ ಇದ್ದಿದ್ರೆ, ಕೀ ತೆಗೆದ ತಕ್ಷಣ ಎಂಜಿನ್ ನಿಂತುಹೋಗ್ತಿತ್ತು. ನಿಮ್ಮ ಮಗ ಅಲ್ಲೇ ಗೇರ್ ಹಾಕಿ ಇಳೀತಿದ್ರು, ಎಲ್ಲರ ಹಾಗೆ."

ಅವನು ವೈರನ್ನು ಎತ್ತಿ ಬಹಳ ಹೊತ್ತು ತಿರುಗಿಸಿ ನೋಡಿದ.

"ಎಂಟು ವರ್ಷ," ಎಂದ.

"ಹೌದು."

"ನನ್ನ ಮಂಡಿ ಬಿಡಿ, ಅದು ಹೋಯ್ತು. ನಾನು ಅವನಿಗೆ ದಿನಾ ಅಂದದ್ದು? ನಿಮ್ಮ ಕಿವಿ ಮುಂದೇನೇ ಅಂದದ್ದು? ಅದಕ್ಕೆ ಯಾವ ಬೆಸುಗೆ ಹಾಕ್ತೀರಿ?"

ಅವಳು ಕರವಸ್ತ್ರವನ್ನು ಮಡಿಸಿದಳು.

"ಐದಕ್ಕೆ ಬರ್ತಾನೆ. ಕೂತಿರಿ. ನನ್ನೆದುರಿಗೇ ಅವನಿಗೆ ಹೇಳಿ."

ಇಬ್ಬರೂ ಒಂದೂವರೆ ಗಂಟೆ ಕಾದರು. ನೊಬುಹಿಕೊ ಬಂದವನು ಬೂಟು ಬಿಚ್ಚಿ ಒಳಗೆ ಕಾಲಿಟ್ಟು, ಮೇಜಿನ ಮೇಲಿನ ವೈರು ನೋಡಿ ನಿಂತುಬಿಟ್ಟ.

"ಇನ್ನೂ ಇಟ್ಕೊಂಡಿದ್ರಾ?"

ಕಿನುಯೆ ಚಾಪೆಗೆ ಕೈಯೂರಿ ತಲೆ ಬಗ್ಗಿಸಿದಳು. "ಆವತ್ತು ಆಸ್ಪತ್ರೇಲೇ ಹೇಳಬೇಕಿತ್ತು."

"ಹಾಕಿ ಅಂದದ್ದು ನಾನು, ಕಿನುಯೆ ಸಾನ್. ಬಿಟ್ಟು ಓಡಿದ್ದೂ ನಾನೇ."

"ಕಾಗದ ಓದಿದ್ದು ನಾನು."

"ಮತ್ತೆ ನೀನ್ಯಾಕೋ ಬಾಯಿ ಬಿಡಲಿಲ್ಲ?" ತೊಮೆಕಿಚಿ ಗುಡುಗಿದ.

"ನೀನು ಕೇಳಲಿಲ್ಲ, ಅಪ್ಪ. ಬರೀ ಹೇಳಿದೆ." ನೊಬುಹಿಕೊ ಕೂತ. ಕಿನುಯೆಯ ಕಡೆ ತಿರುಗಿದ. "ಆವತ್ತು ಸೇಬು ಹಿಡ್ಕೊಂಡು ನೀವು ಬಂದಾಗ, ಈಗ ಹೇಳ್ತಾರೆ ಅಂದ್ಕೊಂಡೆ. ಒಂದು ವರ್ಷ ಹಾಗೇ ಕಾದೆ. ನಾನೇ ಹೇಳಿದ್ರೆ ತಪ್ಪನ್ನ ನಿಮ್ಮ ತಲೆಗೆ ಕಟ್ಟಿದ ಹಾಗಾಗುತ್ತಲ್ಲ. ಆಮೇಲಾಮೇಲೆ, ಅಪ್ಪ ಹೇಳೋದೇ ನಿಜ ಇರ್ಬೇಕು, ನಂಗೆ ನಿಲ್ಲಿಸೋಕೆ ಬರಲ್ಲ ಅಂತ ನಂಗೇ ಅನ್ನಿಸೋಕೆ ಶುರುವಾಯ್ತು."

ತೊಮೆಕಿಚಿ ಕಿಟಕಿಯ ಕಡೆ ಮುಖ ತಿರುಗಿಸಿದ. ಕೊನೆಗೆ, "ಚಹಾ ಆರಿಹೋಯ್ತು. ಬೇರೆ ಮಾಡ್ತೀನಿ," ಎಂದು ಮೇಜಿಗೆ ಕೈಕೊಟ್ಟು ಏಳತೊಡಗಿದ. ಎಂಟು ವರ್ಷದಲ್ಲಿ ಅವನು ಮಗನಿಗಾಗಿ ಚಹಾ ಮಾಡಲು ಎದ್ದದ್ದು ಅದೇ ಮೊದಲಿರಬೇಕು. ನೊಬುಹಿಕೊ ಅವನ ಕಡೆ ನೋಡಲಿಲ್ಲ. ಬೇಡವೆನ್ನಲೂ ಇಲ್ಲ.

ಕಿನುಯೆ ಹೊರಗೆ ಬಂದಾಗ ಕತ್ತಲಾಗುತ್ತಿತ್ತು. ಒದ್ದೆ ರಸ್ತೆಯಲ್ಲಿ ಬಂದಿದ್ದ ಟ್ರಕ್ಕಿನ ಹಿಂದಿನ ಚಕ್ರ ಆಗಲೇ ಕಚ್ಚಿಕೊಂಡಿತ್ತು. ಎರಡು ಸಲ ಪ್ರಯತ್ನಿಸಿದಳು, ಕದಲಲಿಲ್ಲ. ನೊಬುಹಿಕೊ ಕೆಟಲ್ ಹಿಡಿದು ಬಂದು ಹಿಮದಲ್ಲಿ ಮಂಡಿಯೂರಿದ. ನೀರು ಚಕ್ರಕ್ಕೆ ತಾಗಿ ಹಬೆಯೆದ್ದಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಟಕ್ ಎಂದು ಬಿಟ್ಟುಕೊಂಡ ಸದ್ದಾಯಿತು.

"ಊರೆಲ್ಲ ನಗ್ತಾರೆ ನಿಮ್ಮನ್ನ ನೋಡಿ," ಎಂದ ಅವನು ಕೈ ಕೊಡವುತ್ತಾ. "ಇನ್ನು ಮೇಲೆ ಎಳೀಬೇಡಿ. ಗೇರ್ ಹಾಕಿ ಹೋಗಿ, ಸಾಕು."

ಅವಳು ಸ್ಟಿಯರಿಂಗ್ ಹಿಡಿದು ಅವನ ಕಡೆ ನೋಡಿದಳು. ಅವನ ಕಿವಿಯ ಮೇಲೆ ನರೆ ಬಂದಿತ್ತು. ಅದನ್ನು ಅವಳು ಇಷ್ಟು ಹತ್ತಿರದಿಂದ ನೋಡಿರಲಿಲ್ಲ.

"ಎಳೀತೀನಿ," ಎಂದಳು.